ಅರ್ಧ ತಿರುವಿದರೆ ಅರ್ಧ ಸದ್ದಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಟ್ರಾನ್ಸಿಸ್ಟರಿನ ವಾಲ್ಯೂಮ್ ತಿರುಪು ಕೆಟ್ಟಿತ್ತು. ಮುಟ್ಟಿದರೆ ಕರಕರ ಅನ್ನೋದು. ರಿಪೇರಿಗೆ ಕೊಟ್ಟು ಹೊಸದು ಹಾಕಿಸಿಕೊಂಡು ಬಂದೆವು. ಕರಕರ ಹೋಯಿತು, ಇನ್ನೊಂದು ಪೀಡೆ ಗಂಟುಬಿತ್ತು. ಕೂದಲೆಳೆಯಷ್ಟು ತಿರುವಿದರೂ ಬೆಳಗಿನ ವಾರ್ತೆ ಬೀದಿಗೆಲ್ಲಾ ಕೇಳುತ್ತಿತ್ತು. ಅಲ್ಲಿಂದ ಮುಂದೆ ಕೊನೆಯವರೆಗೆ ತಿರುವಿದರೂ ಅಂಥ ವ್ಯತ್ಯಾಸ ಏನೂ ಇಲ್ಲ. ಅಮ್ಮ ಅದನ್ನು ಮುಟ್ಟುವುದನ್ನೇ ಬಿಟ್ಟರು.

ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ವಾಲ್ಯೂಮ್ ಕಂಟ್ರೋಲ್ ಕೇಳಿದೆ. "ಲಾಗ್ ಬೇಕಾ ಸಾರ್, ಲೀನಿಯರ್ ಬೇಕಾ?" ಅಂದರು ಅಂಗಡಿಯವರು. ಆಗ ನಮ್ಮ ಟ್ರಾನ್ಸಿಸ್ಟರಿನ ಕಾಯಿಲೆ ಏನು ಅಂತ ಗೊತ್ತಾಯಿತು: ಲಾಗ್ ಇರಬೇಕಾದ ಕಡೆ ಲೀನಿಯರ್ ಹಾಕಿದ್ದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ. ಲೀನಿಯರ್‌ನಲ್ಲಿ ಅರ್ಧ ತಿರುವಿದರೆ ಅರ್ಧ ಸಿಗ್ನಲ್ ಹೋಗುತ್ತದೆ. ಲಾಗ್‌ನಲ್ಲಿ ಅರ್ಧ ತಿರುವಿದರೆ ಶೇಕಡಾ 10ರಿಂದ 15 ಅಷ್ಟೇ. ವಿಚಿತ್ರ ಅಂದರೆ, ಕಿವಿಗೆ ಹದವಾಗಿ ಕೇಳುವುದು ಈ ಎರಡನೆಯದೇ. ಕಿವಿಗೆ ಕೂಡುವ ಲೆಕ್ಕ ಗೊತ್ತಿಲ್ಲ. ಅದರದ್ದು ಏನಿದ್ದರೂ ಗುಣಿಸುವ ಲೆಕ್ಕ: ಪ್ರತಿ ಹೆಜ್ಜೆಗೂ ಇಷ್ಟು ಪಟ್ಟು ಅಂತ ಹೆಚ್ಚಿದರೆ ಸದ್ದು ಸಮವಾಗಿ ಏರಿದಂತೆ ಕೇಳುತ್ತದೆ.

ಈಗ ನನ್ನ ಮೇಜಿನ ಮೇಲೆ ಒಂದು ಕೀಬೋರ್ಡು, ಒಂದು ಲ್ಯಾಪ್‌ಟಾಪ್ ಇವೆ. ನುಡಿಯುವ ವಾದ್ಯ ಲ್ಯಾಪ್‌ಟಾಪಿನೊಳಗಿನ ಸಾಫ್ಟ್‌ವೇರ್ ಸಿಂಥಸೈಜರ್, ಅಂದರೆ ಲೆಕ್ಕದಿಂದಲೇ ಧ್ವನಿ ಹುಟ್ಟಿಸುವ ಪ್ರೋಗ್ರಾಮು; ಚಿಕ್ಕದಾಗಿ ಸಿಂಥ್. ಕೀಬೋರ್ಡಿನಿಂದ ಅದಕ್ಕೆ ಹೋಗುವುದು ಸದ್ದಲ್ಲ, ಸುದ್ದಿ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವ ನಾಬ್ ಎಷ್ಟು ತಿರುವಿದರು ಎಂಬ ಸುದ್ದಿ. ಈ ಸುದ್ದಿಯ ಭಾಷೆಯೇ ಮಿಡಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ವ್ಯಾಪಾರ ಮೇಳದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600, ರೋಲ್ಯಾಂಡ್ ಕಂಪನಿಯ ಜುಪಿಟರ್-6 ಎಂಬ ಎರಡು ವಾದ್ಯಗಳನ್ನು ತಂತಿಯಲ್ಲಿ ಜೋಡಿಸಿ ಈ ಭಾಷೆಯಲ್ಲಿ ಮಾತಾಡಿಸಿ ತೋರಿಸಿದ್ದರು. ಅದರಲ್ಲಿ ಹೆಚ್ಚಿನ ಸುದ್ದಿಯೆಲ್ಲಾ 0ಯಿಂದ 127ರವರೆಗಿನ ಒಂದು ಅಂಕಿ, ಅಷ್ಟೇ.

ಕೀ ಎಷ್ಟು ಜೋರಾಗಿ ಒತ್ತಿದಿರಿ ಎನ್ನುತ್ತೇವಲ್ಲ, ನಿಜವಾಗಿ ಕೀಬೋರ್ಡು ಅಳೆಯುವುದು ಜೋರನ್ನಲ್ಲ, ವೇಗವನ್ನು. ಸಾಮಾನ್ಯವಾಗಿ ಕೀ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಮೊದಲನೆಯದು ತಾಗಿದ ಮೇಲೆ ಎರಡನೆಯದು ತಾಗಲು ಎಷ್ಟು ಹೊತ್ತಾಯಿತು ಅಂತ ನೋಡಿ ಒಂದು ಅಂಕಿ ಕಳಿಸುತ್ತದೆ. ಇದಕ್ಕೆ ವೆಲಾಸಿಟಿ ಅನ್ನುತ್ತಾರೆ. ಆ ಅಂಕಿಗೆ ಎಷ್ಟು ಸದ್ದು ಕೊಡಬೇಕು ಅನ್ನುವುದನ್ನು ತೀರ್ಮಾನಿಸುವುದು ಸಿಂಥ್ ಒಳಗಿನ ಒಂದು ಗೆರೆ. ಅದನ್ನು ಕರ್ವ್ ಅನ್ನುತ್ತಾರೆ.

ರೇಡಿಯೊದಲ್ಲಿ ಚಿತ್ರ ತೋರಿಸಲಾರೆ. ಮನಸ್ಸಿನಲ್ಲೇ ಒಂದು ಚೌಕ ಬರೆದುಕೊಳ್ಳಿ. ಕೆಳಗಿನ ಅಂಚಿನ ಉದ್ದಕ್ಕೂ ನಿಮ್ಮ ಬೆರಳು, ಎಡದಿಂದ ಬಲಕ್ಕೆ ಮೆಲ್ಲಗಿನಿಂದ ಜೋರಿಗೆ. ನಿಂತ ಅಂಚಿನಲ್ಲಿ ಸದ್ದು, ಕೆಳಗಿನಿಂದ ಮೇಲಕ್ಕೆ. ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಗೆ ಒಂದು ದಾರ ಎಳೆದು ಕಟ್ಟಿ. ಅದು ನೇರ ಗೆರೆ. ದಾರ ಜೋಲುಬಿದ್ದರೆ ಮೆಲ್ಲಗೆ ನುಡಿಸಿದ್ದು ಇನ್ನೂ ಮೆಲ್ಲಗಾಗುತ್ತದೆ. ಮೇಲಕ್ಕೆ ಉಬ್ಬಿದರೆ ಸುಮ್ನೆ ಮುಟ್ಟಿದರೂ ಜೋರಾಗಿ ಕೇಳುತ್ತದೆ.

ಉಬ್ಬಿದ ಗೆರೆ ನನ್ನ ಮಾನ ಕಳೆದ ಕಥೆ ಕೇಳಿ. ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಭಜನೆ. ಕೀಬೋರ್ಡು ನನ್ನದು. ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಹಗುರ ಕೈಯಲ್ಲಿ ನುಡಿಸುತ್ತಾ ಗೆರೆಯನ್ನು ಚೆನ್ನಾಗಿ ಉಬ್ಬಿಸಿದ್ದೆ. ಕಿವಿಗೆ ಹಿತವಾಗಿತ್ತು. ಪೆಂಡಾಲಿನಲ್ಲಿ ತಾಳ, ಚಪ್ಪಾಳೆ, ಹುಮ್ಮಸ್ಸು. ಕೈ ತಾನಾಗಿಯೇ ಜೋರಾಯಿತು. ಒತ್ತಿದ್ದೆಲ್ಲಾ ನೆತ್ತಿಗೆ ಹೋಗಿ ಕೂತಿತು. ಹಾಡುತ್ತಿದ್ದ ಹಿರಿಯರು ಹಾಡು ನಿಲ್ಲಿಸದೆ ನನ್ನ ಕಡೆ ತಿರುಗಿ, ಎಡಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಕ್ಕೆ ಒತ್ತಿ ತೋರಿಸಿದರು. ಒತ್ತಲು ನನ್ನ ಹತ್ತಿರ ಕೆಳಗೆ ಜಾಗವೇ ಇರಲಿಲ್ಲ.

ಮಾರನೇ ದಿನ ನೋಡಿದರೆ ತಪ್ಪು ಒಂದಲ್ಲ, ಎರಡು. ಕೀಬೋರ್ಡಿನಲ್ಲೇ ಟಚ್ ಎಂಬ ಸೆಟ್ಟಿಂಗ್ ಇದೆ. ಅದನ್ನು 'ಸಾಫ್ಟ್' ಅಂತ ಇಟ್ಟಿದ್ದೆ, ಸದ್ದು ಮೃದುವಾಗುತ್ತದೆ ಅಂದುಕೊಂಡು. ಅದರ ಅರ್ಥ ಉಲ್ಟಾ. ಮೃದುವಾಗಿ ಒತ್ತುವವರಿಗೂ ಜೋರು ಸದ್ದು ಸಿಗಲಿ ಅಂತ ಮಾಡಿದ್ದು ಅದು. ಅಂದರೆ ಅಲ್ಲೊಂದು ಉಬ್ಬು, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಉಬ್ಬು. ಈ ಹೆಸರುಗಳನ್ನು ಯಾರು ಇಟ್ಟರೋ, ಅವರನ್ನು ಒಮ್ಮೆ ಪೆಂಡಾಲಿನಲ್ಲಿ ಕೂರಿಸಬೇಕು. ಆಮೇಲಿಂದ ಕೀಬೋರ್ಡನ್ನು 'ನಾರ್ಮಲ್'ನಲ್ಲೇ ಬಿಟ್ಟಿದ್ದೇನೆ. ತಿದ್ದುವುದೆಲ್ಲಾ ಲ್ಯಾಪ್‌ಟಾಪಿನಲ್ಲಿ.

ನಾನು ಬಳಸುವುದು ಝಿನ್‌ಆಡ್‌ಸಬ್‌ಎಫ್‌ಎಕ್ಸ್. ರೊಮೇನಿಯಾದ ಪಾಲ್ ನಾಸ್ಕಾ ಬರೆದ ಉಚಿತ ಸಿಂಥ್, 2002ರಿಂದ ಇದೆ. ಅದರಲ್ಲಿ ವೆಲಾಸಿಟಿ ಸೆನ್ಸಿಂಗ್ ಎಂಬ ಪುಟ್ಟ ನಾಬ್ ಇದೆ. 64ರಲ್ಲಿಟ್ಟರೆ ನೇರ ಗೆರೆ. ಕೆಳಗಿಳಿಸಿದಷ್ಟೂ ದಾರ ಜೋಲುತ್ತದೆ. 0ಗೆ ತಂದರೆ ಎಂಟನೇ ಘಾತ, ಅಂದರೆ ಅರ್ಧ ವೇಗದ ಒತ್ತಿಗೆ ಸಿಗುವುದು ಅರ್ಧವನ್ನು ಎಂಟು ಸಲ ಇಟ್ಟು ಗುಣಿಸಿದಷ್ಟು, 256ರಲ್ಲಿ ಒಂದು ಪಾಲು. ಕೊನೆಗೆ 127ಕ್ಕೆ ಏರಿಸಿದರೆ ಹೇಗೆ ಒತ್ತಿದರೂ ಒಂದೇ ಸದ್ದು. ಹಾರ್ಮೋನಿಯಂ ಧ್ವನಿಗೆ ಇದೇ ಸರಿ. ಅಲ್ಲಿ ಜೋರು-ಮೆಲ್ಲಗೆ ಇರುವುದು ಕೀ ಕೈಯಲ್ಲಲ್ಲ, ತಿದಿ ಕೈಯಲ್ಲಿ ಅಲ್ವಾ?

ನನ್ನ ಮಗಳು ಸರಳೆ ವರಸೆ ನುಡಿಸುತ್ತಾಳೆ. ಒಂದು ದಿನ ಅವಳು ನುಡಿಸುವಾಗ ಬರುವ ಅಂಕಿಗಳನ್ನು ಬರೆದುಕೊಂಡೆ. ಅತಿ ಮೆಲ್ಲಗಿನದು 30, ಅತಿ ಜೋರಿನದು 78. ಪುಟ್ಟ ಕೈ, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ. ವರ್ಗಮೂಲದ ಉಬ್ಬು ಗೆರೆ ಹಾಕಿದೆ. 78 ಹೋಗಿ ಸುಮಾರು 100 ಆಯಿತು, ಸಂತೋಷ. ಆದರೆ 30 ಹೋಗಿ 62 ಆಯಿತು. 48 ಅಂಕಿಯ ಅಂತರ 38ಕ್ಕೆ ಇಳಿಯಿತು. ಜೋರೂ ಮೆಲ್ಲಗೂ ಅಕ್ಕಪಕ್ಕ ಬಂದು ಕೂತು, ಸ್ವರಗಳೆಲ್ಲಾ ಒಂದೇ ಅಳತೆಯ ಇಡ್ಲಿಗಳಾದವು.

ಸರಿ, ಉಬ್ಬು ಬೇಡ, ಹಿಗ್ಗಿಸೋಣ ಅಂತ 30ನ್ನು 20ಕ್ಕೂ 78ನ್ನು 115ಕ್ಕೂ ಸೇರಿಸಿ ಕಡಿದಾದ ಗೆರೆ ಎಳೆದೆ. ಈಗ ಬೇರೆ ತಾಪತ್ರಯ. ಅಂತರ ಎರಡು ಪಟ್ಟಾಯಿತು, ತಪ್ಪೂ ಎರಡು ಪಟ್ಟಾಯಿತು. ಅವಳ ಉಂಗುರ ಬೆರಳು ಸ್ವಲ್ಪ ಸೋಮಾರಿ. ಮೊದಲು ಗೊತ್ತೇ ಆಗದಿದ್ದದ್ದು ಈಗ ಎದ್ದು ಕೇಳುತ್ತಿತ್ತು. ಕೊನೆಗೆ ಎರಡರ ನಡುವೆ, ಮೊದಲು ಸ್ವಲ್ಪ ಕಡಿದಾಗಿ ಆಮೇಲೆ ಬಾಗುವ ಒಂದು ಗೆರೆಗೆ ಒಪ್ಪಿಕೊಂಡೆವು. ಇದಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಬೆರಳಿನ ಮಾತಾಯಿತು, ನಾಬ್‌ಗಳಿಗೂ ಇದೇ ಪಾಡು. ಫಿಲ್ಟರ್ ಅಂದರೆ ಧ್ವನಿಯ ಮೊನಚನ್ನು ತಡೆಯುವ ಜರಡಿ. ಎಲ್ಲಿಂದ ತಡೆಯಬೇಕು ಅಂತ ಹೇಳುವ ಅದರ ನಾಬ್‌ನ ಹರವು 20 ಹರ್ಟ್ಸ್‌ನಿಂದ 20,000 ಹರ್ಟ್ಸ್. ಇದನ್ನು ನೇರ ಗೆರೆಯಲ್ಲಿ 127 ಮೆಟ್ಟಿಲು ಮಾಡಿದರೆ ಒಂದೊಂದು ಮೆಟ್ಟಿಲೂ ಸುಮಾರು 157 ಹರ್ಟ್ಸ್. ಮೊದಲ ಹೆಜ್ಜೆಗೇ 20ರಿಂದ 177ಕ್ಕೆ, ಅಂದರೆ ಮೂರು ಸ್ಥಾಯಿ ದಾಟಿ ಹಾರಿದಿರಿ. ತುದಿಯ ಹೆಜ್ಜೆಗಳು ಕಿವಿಗೆ ಗೊತ್ತೂ ಆಗುವುದಿಲ್ಲ. ಥೇಟ್ ನಮ್ಮ ಹಳೇ ಟ್ರಾನ್ಸಿಸ್ಟರು! ಗುಣಿಸುತ್ತಾ ಹೋಗುವ ಗೆರೆ ಹಾಕಿ ನೋಡಿ. ಇಡೀ ಹರವು ಹೆಚ್ಚುಕಮ್ಮಿ ಹತ್ತು ಸ್ಥಾಯಿ. ಸ್ಥಾಯಿಗೆ 12 ಸ್ವರಸ್ಥಾನದಂತೆ 120. ಅದಕ್ಕೆ 127 ಮೆಟ್ಟಿಲು. ಒಂದು ಮೆಟ್ಟಿಲು ಒಂದು ಸ್ವರಸ್ಥಾನಕ್ಕಿಂತ ಚೂರು ಕಮ್ಮಿ. ಎಷ್ಟು ಹದವಾಗಿ ಕೂತಿತು ನೋಡಿ.

ವಾಲ್ಯೂಮಿಗೂ ಹಾಗೇ. ಜನರಲ್ ಮಿಡಿ ಎಂಬ ಸಾಮಾನ್ಯ ನಿಯಮ ಪಾಲಿಸುವ ವಾದ್ಯಗಳಿಗೆ ಶಿಫಾರಸು ಮಾಡಿರುವುದು ವರ್ಗದ ಲೆಕ್ಕ, ಅಂದರೆ ಅರ್ಧವಾದರೆ ಅರ್ಧವನ್ನು ಅರ್ಧದಿಂದಲೇ ಗುಣಿಸುವುದು. 64ಕ್ಕೆ ಅರ್ಧ ಸಿಗ್ನಲ್ ಅಲ್ಲ, ಕಾಲು ಭಾಗ.

ಗಮಕಕ್ಕೆ ಸ್ವರವನ್ನು ಏರಿಳಿಸಲು ಬಳಸುವ ಪಿಚ್ ಚಕ್ರ ಮಾತ್ರ ಬೇರೆ. ಅದಕ್ಕೆ 16,384 ಮೆಟ್ಟಿಲು, ನಡುವಿನದು 8,192. ಅಲ್ಲಿ ಮೆಟ್ಟಿಲಿಗೆ ಬರವಿಲ್ಲ, ಬರ ಇರುವುದು ನಮ್ಮ ಹೆಬ್ಬೆರಳಿನ ಸಂಯಮಕ್ಕೆ. ಎರಡು ಸ್ವರಸ್ಥಾನದ ಹರವಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತಷ್ಟೇ ಹೇಳುತ್ತೇನೆ.

ಮಗಳ ಗೆರೆಯನ್ನು ಅವಳ ಹೆಸರಿನಲ್ಲೇ ಬೇರೆ ಫೈಲ್ ಮಾಡಿ ಇಟ್ಟಿದ್ದೇನೆ. ನಿನ್ನೆ ರಾತ್ರಿ ಅದನ್ನು ಬದಲಿಸಲು ಮರೆತು, ನನ್ನ ಕೈ ಅಂತ ಷಡ್ಜ ಒತ್ತಿದೆ. ಒಳಗಿನಿಂದ ಅವಳು, "ಅಪ್ಪಾ, ಅದು ನಂದು!" ಅಂತ ಕೂಗಿದಳು.

ನಮಸ್ಕಾರ.