ಮೈಕ್ ಕೊಳ್ಳುವ ಮೊದಲು ಕೌದಿ ಹುಡುಕಿ

ಅಧ್ಯಕ್ಷರಿಗೆ, ವೇದಿಕೆಯ ಹಿರಿಯರಿಗೆ, ಕೂಲರಿನ ಎದುರು ಜಾಗ ಹಿಡಿದ ಜಾಣರಿಗೆ ಶರಣು.

ಹೋದ ವಾರ ಇದೇ ಕಲಬುರಗಿಯ ಹುಡುಗನೊಬ್ಬ ಫೋನ್ ಮಾಡಿದ್ದ. 'ಸರ್, ಮನೆಯಲ್ಲೇ ಹಾಡು ಮುದ್ರಿಸಲು 15 ಸಾವಿರದ ಕಂಡೆನ್ಸರ್ ಮೈಕ್ ತಂದೆ. ಆದರೂ ನನ್ನ ದನಿ ಬಾವಿಯೊಳಗಿಂದ ಬಂದಂತಿದೆ. 25 ಸಾವಿರದ್ದು ತರಲೇ?' ನಾನು ಕೇಳಿದ್ದು ಒಂದೇ: 'ನೆಲಕ್ಕೆ ಏನು ಹಾಕಿಸಿದ್ದೀರಿ?' 'ಶಹಾಬಾದ್ ಕಲ್ಲಿನ ಫರಸಿ, ಸರ್.' ನಿಜ ಹೇಳಬೇಕೆಂದರೆ ಇವತ್ತಿನ ನನ್ನ ಉಪನ್ಯಾಸ ಅಲ್ಲಿಗೇ ಮುಗಿಯಿತು. ಆದರೆ ಸಂಘಟಕರು ಅರ್ಧ ಗಂಟೆ ಕೊಟ್ಟಿದ್ದಾರೆ.

ಫರಸಿ ನಮ್ಮ ಬೇಸಿಗೆಗೆ ತಂಪು. ಹಾಡುವವರಿಗೆ ಮಾತ್ರ ವೈರಿ. ಕೆಳಗೆ ಕಲ್ಲು, ಸುತ್ತ ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ ಕೋಣೆಯಲ್ಲಿ ಅದು ಗೋಡೆಗೆ ಬಡಿದು ಮೈಕಿಗೆ ಮರಳಲು 20 ಮಿಲಿಸೆಕೆಂಡ್ ಕೂಡ ಬೇಡ. ಗೋಲಗುಮ್ಮಟದಲ್ಲಿ ಪ್ರತಿಧ್ವನಿ ತಡವಾಗಿ, ಬೇರೆಯಾಗಿ ಕೇಳುತ್ತದೆ. ಮಕ್ಕಳು ಕೂಗಿ ಖುಷಿಪಡುತ್ತಾರೆ. ಕೋಣೆಯದು ಹಾಡಿನೊಳಗೇ ಕಲಸಿಹೋಗಿ ಡಬ್ಬಿಯ ದನಿಯಾಗುತ್ತದೆ. ದುಬಾರಿ ಮೈಕ್ ತಂದರೆ ಆ ಡಬ್ಬಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ಅಷ್ಟೇ.

ಇದನ್ನು ನನಗೆ ಕಲಿಸಿದ್ದು ಯಾವ ಎಂಜಿನಿಯರೂ ಅಲ್ಲ. ಆಳಂದ ಕಡೆಯ ಒಬ್ಬ ಆಯಿ. ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಲು ಮನೆಗೆ ಬಂದಿದ್ದರು. ನನ್ನದು ಆಗ ಹೊಸ ಮೈಕ್, ಹೊಸ ಅಹಂಕಾರ. ಹಾಡಿಸಿ, ಹೆಡ್‌ಫೋನ್ ಹಾಕಿ ಕೇಳಿಸಿದೆ. ಕೇಳಿ ತೆಗೆದಿಟ್ಟರು. 'ತಮ್ಮಾ, ನನ್ನ ಹಿಂದೆ ಹಾಡಿದವರು ಯಾರು?' 'ಯಾರೂ ಇಲ್ಲ, ಆಯಿ.' 'ಇದ್ದಾರೆ. ಅವರಿಗೆ ತಾಳ ಬರುವುದಿಲ್ಲ.'

ಚಹಾ ಆಯಿತು, ಎಲೆಅಡಿಕೆ ಆಯಿತು. ಆಮೇಲೆ ಆಯಿ ಎದ್ದು ಮನೆಯೆಲ್ಲ ತಿರುಗಿದರು. ಅಲ್ಲಲ್ಲಿ ನಿಂತು ಒಂದೊಂದು ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಯಾರಿಗೂ ತೋರಿಸದ ಒಳಕೋಣೆಗೂ ಹೋದರು. ಅಲ್ಲಿ ತೊಗರಿ ಚೀಲ, ಸುತ್ತಿಟ್ಟ ಗಾದಿ, ಸೂರಿನವರೆಗೆ ಹಳೆ ಬಟ್ಟೆ ಹೊಲಿದ ಕೌದಿಗಳ ಅಟ್ಟಿ. ಚಪ್ಪಾಳೆ ಹುಟ್ಟಿದಲ್ಲೇ ಸತ್ತಿತು. 'ಇಲ್ಲಿ ಹಾಡುತ್ತೇನೆ' ಎಂದರು. ಹೆಂಡತಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅದೇ ಮೈಕ್, ಅದೇ ಪದ. ಆ ದಿನದ ಧ್ವನಿಮುದ್ರಣವನ್ನು ತಿದ್ದಲು ನಾನು ಇವತ್ತಿಗೂ ಕೈ ಹಚ್ಚಿಲ್ಲ.

ಈಗ ಕೌದಿ ಎಲ್ಲಿ ಕಟ್ಟಬೇಕು? ಬಹಳ ಜನ ಮೈಕಿನ ಹಿಂದೆ ಕಟ್ಟುತ್ತಾರೆ. ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಮೊದಲೇ ಅರೆಕಿವುಡು. ಅದರ ಮುಖ ನೋಡುವುದು ನಿಮ್ಮನ್ನು, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಮೊದಲ ಕೌದಿ ಹಾಡುವವರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಎರಡನೆಯದು ಪಕ್ಕಕ್ಕೆ. ಫರಸಿಯ ಮೇಲೆ ದಪ್ಪ ಜಮಖಾನೆ. ಮೈಕಿನ ಬೆನ್ನನ್ನು ಫ್ಯಾನ್ ಕಡೆಗೆ, ಲ್ಯಾಪ್‌ಟಾಪ್ ಕಡೆಗೆ ತಿರುಗಿಸಿ. ಮೊಟ್ಟೆಯ ಟ್ರೇ ಅಂಟಿಸಿದವರು ಸಭೆಯಲ್ಲಿದ್ದರೆ ಕ್ಷಮಿಸಿ, ಅದರಿಂದ ಲಾಭ ಮೊಟ್ಟೆಗೆ ಮಾತ್ರ. ಕೌದಿಯೂ ಮಂದ್ರದ ಗುಂಯ್‌ಗುಟ್ಟುವಿಕೆಯನ್ನು ತಡೆಯದು. ಅದಕ್ಕೆ ಮೂಲೆ ಬಿಟ್ಟು ನಿಲ್ಲಿ, ಕೋಣೆಯ ನಟ್ಟನಡುವೆಯೂ ಬೇಡ.

ಬಾಯಿಗೂ ಮೈಕಿಗೂ ಒಂದು ಗೇಣು. ದೂರ ಎರಡರಷ್ಟಾದರೆ ನಿಮ್ಮ ನೇರ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯದು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅಂದರೆ ಮತ್ತೆ ಫರಸಿಯೇ ಹಾಡುತ್ತದೆ! ತೀರ ಹತ್ತಿರ ಹೋದರೆ ಮಂದ್ರ ಉಬ್ಬಿ ಯಾರ ಗಂಟಲಾದರೂ ಭೀಮಸೇನನದಾಗುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಓದುವುದೇ ಬೇಡ, ಗೊತ್ತಾಯಿತು.

ಬೇಗ ಬೇಗ ಹೇಳುತ್ತೇನೆ. ಪ, ಫ, ಬ, ಭ ಬಂದಾಗ ಉಸಿರು ಮೈಕಿಗೆ ಗುದ್ದದಂತೆ ಅದನ್ನು ತುಸು ಓರೆಗಿಡಿ, ಉಸಿರು ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್ ಕಟ್ಟಿ. ಮುದ್ರಿಸುವ ಸಾಫ್ಟ್‌ವೇರಿನಲ್ಲಿ 24 ಬಿಟ್ ಆರಿಸಿ. ಅತಿ ಏರಿದ ಸ್ವರವೂ ಅದರ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ಹತ್ತಿರ ನಿಲ್ಲಲಿ, ಕೆಂಪು ದೀಪ ಹತ್ತಬಾರದು. ರಿವರ್ಬ್, ಅಂದರೆ ದನಿಯ ಅನುರಣನ, ಆಮೇಲೆ ಸೇರಿಸಬಹುದು, ಕೋಣೆಯದನ್ನು ತೆಗೆಯುವುದು ಬಲು ಕಷ್ಟ. ಬೇಸಿಗೆಯಲ್ಲಿ ಓಣಿಯ ಕೂಲರುಗಳು ಏಳುವ ಮೊದಲೇ, ಬೆಳಗಿನ ಐದಕ್ಕೆ ಹಾಡಿ ಮುಗಿಸಿ. ಕಂಪ್ರೆಸರ್, ಈಕ್ಯೂ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ.

ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತೀರಿ, ಅದು ಪದ್ಧತಿ. ಇವತ್ತು ಒಂದೇ ಒಂದು ಬಾರಿ, ನಾನು ಕೈ ಎತ್ತಿದಾಗ, ಒಟ್ಟಿಗೆ ತಟ್ಟಿ ಸುಮ್ಮನಾಗಿಬಿಡಿ. ಈ ಸಭಾಂಗಣದ ನೆಲಕ್ಕೂ ಫರಸಿಯನ್ನೇ ಹಾಕಿಸಿದ್ದಾರೆ, ಕೇಳೋಣ.