ಅಮ್ಮನಿಗೊಂದು ಹನಿ, ನನಗೊಂದು ಹನಿ

ಬೆಳಿಗ್ಗೆ ಎಂಟು ಗಂಟೆ. ಈಗಷ್ಟೇ ಸ್ನಾನ ಆಗಿದೆ. ಇಲ್ನೋಡಿ, ಈ ಪುಟ್ಟ ಬಾಟಲಿಯಲ್ಲಿ ಇರುವುದು ಗಂಧದೆಣ್ಣೆ. ನನ್ನ ಮಣಿಕಟ್ಟಿಗೆ ಒಂದು ಹನಿ, ಅಮ್ಮನ ಮಣಿಕಟ್ಟಿಗೆ ಒಂದು ಹನಿ. ಉಜ್ಜಬೇಡಿ, ಹಾಗೇ ಬಿಡಿ.

ಹಚ್ಚಿದ ಕೂಡಲೇ ಮೂಸಿದರೆ ಅಂಥದ್ದೇನೂ ಅನಿಸುವುದಿಲ್ಲ. ಗಂಧ ನಿಧಾನ. ಅದರ ಪರಿಮಳಕ್ಕೆ ಮುಖ್ಯ ಕಾರಣ ಸ್ಯಾಂಟಲಾಲ್ ಎಂಬ ಅಂಶ. ನಿಂಬೆ, ಕಿತ್ತಳೆಯ ಘಮದ ಹಾಗೆ ಅದು ಬೇಗ ಹಾರಿಹೋಗುವುದಿಲ್ಲ. ಮೈ ಬಿಸಿಗೆ ಮೆಲ್ಲಗೆ ಏಳುತ್ತದೆ, ಅಷ್ಟು ಹೊತ್ತಿಗೆ ನಮ್ಮ ಮೈಯ ವಾಸನೆಯೂ ಅದರಲ್ಲಿ ಬೆರೆತಿರುತ್ತದೆ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಅತ್ತರ್ ಮಾಡುವವರು ಹೂವಿನ ಹಬೆಯನ್ನು ಹಿಡಿಯುತ್ತಿದ್ದದ್ದು ಗಂಧದೆಣ್ಣೆಯಲ್ಲೇ.

ನಮ್ಮ ಮೈಸೂರಿನ ಕಥೆ ಗೊತ್ತಲ್ವಾ? ಮೊದಲ ಮಹಾಯುದ್ಧ ಶುರುವಾಗಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಆಗ ಇಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಬಂತು.

ನನಗೆ ಗಂಧ ಅಂದ್ರೆ ಮೊದಲು ನೆನಪಾಗುವುದು ಅಜ್ಜಿಯ ಸಾಣೆಕಲ್ಲು. ನಾಲ್ಕು ಹನಿ ನೀರು ಹಾಕಿ ಕೊರಡು ತೇಯುತ್ತಿದ್ದರು. ದೇವರಿಗೆ ಇಟ್ಟು ಉಳಿದದ್ದು ನಮ್ಮ ಹಣೆಗೆ. ಒಣಗಿ ಚರ್ಮ ಬಿಗಿದು, ಪುಡಿಯಾಗಿ ಉದುರಿದ ಮೇಲೂ ಘಮ ಇರುತ್ತಿತ್ತು. ಅಜ್ಜಿಯ ಕೈಯಲ್ಲಿ ಅದೇ ಗಂಧಕ್ಕೆ ಬೇರೆಯೇ ವಾಸನೆ.

ಹೋದ ವರ್ಷ ಅಂಗಡಿಯೊಂದರಲ್ಲಿ ಸೆಂಟ್ ಹಚ್ಚಿದ ಕಾಗದದ ಪಟ್ಟಿ ಮೂಸಿ ಒಂದು ಬಾಟಲಿ ತಗೊಂಡೆ. ಮಧ್ಯಾಹ್ನಕ್ಕೆಲ್ಲ ನನ್ನ ಮೈಮೇಲೆ ಹುಳಿ ಹುಳಿ ವಾಸನೆ, ತಲೆನೋವು ಬೇರೆ. ಕಾಗದಕ್ಕೆ ಬಿಸಿ ಇಲ್ಲ, ಜಿಡ್ಡಿಲ್ಲ, ಬೆವರಿಲ್ಲ. ಅದನ್ನು ನಂಬಿ ಯಾಕೆ ತಗೋಬೇಕು? ಕೈಗೆ ಹಚ್ಚಿಕೊಳ್ಳಿ, ಅಂಗಡಿಯಿಂದ ಹೊರಗೆ ಬನ್ನಿ, ಊಟ ಮಾಡಿ, ಆಮೇಲೆ ಮೂಸಿ. ಚರ್ಮ ಒಣಗಿದ್ದರೆ ಪರಿಮಳ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಮೊದಲು ಸ್ವಲ್ಪ ವ್ಯಾಸಲೀನ್ ಸವರಿ.

2006ರಲ್ಲಿ ಬಂದ ಮಾಲಿಕ್ಯೂಲ್ 01 ಅನ್ನುವ ಸೆಂಟ್‌ನಲ್ಲಿ ಪರಿಮಳಕ್ಕೆಂದು ಇರುವುದು ಐಸೊ ಇ ಸೂಪರ್ ಎಂಬ ಕೃತಕ ಪರಿಮಳದ ರಾಸಾಯನಿಕ ಒಂದೇ. ಹಚ್ಚಿಕೊಂಡವರ ಮೂಗಿಗೆ ಅದು ಮಾಯವಾಗಿ ಮತ್ತೆ ಬರುತ್ತದೆ. ಚೆನ್ನಾಗಿದೆ. ಆದರೂ ನನ್ನ ಮನಸ್ಸು ಗಂಧದ ಕಡೆಗೇ.

ಈಗ ಸಂಜೆ ಆರು. ನನ್ನ ಮಣಿಕಟ್ಟಿನಲ್ಲಿ ಒಣ ಮರದ ವಾಸನೆ, ಜೊತೆಗೆ ಸ್ವಲ್ಪ ಉಪ್ಪುಪ್ಪು. ಅಮ್ಮನ ಕೈ ಮೂಸಿದೆ. ಕಾಯಿಸಿದ ಹಾಲಿನ ಕೆನೆಯ ಹಾಗೆ, ಸಿಹಿ. ಅದೇ ಬಾಟಲಿ, ಅದೇ ಹೊತ್ತು! ಅಮ್ಮ ಮಾತ್ರ ನನ್ನ ಕೈ ಬಿಡುತ್ತಿಲ್ಲ. "ನಿಂದೇ ಚೆನ್ನಾಗಿದೆ ಕಣೇ" ಅಂತಾರೆ.