ಫೋಮ್ ರೋಲರ್: ಮೈ ಸಡಿಲವಾಗುವುದು ಎಷ್ಟು, ಬಲಕ್ಕೆ ಆಗುವುದೇನು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಬೆಳಗ್ಗೆ ಎದ್ದು ಓಡುವವರಿದ್ದೀರಿ, ಜಿಮ್‌ಗೆ ಹೋಗುವವರಿದ್ದೀರಿ, ಮಕ್ಕಳಿಗೆ ಆಟ ಕಲಿಸುವ ಕೋಚ್‌ಗಳೂ ಬಂದಿದ್ದೀರಿ. ಫೋಮ್ ರೋಲರ್ ನೋಡದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಫೋಮಿನ ಆ ದುಂಡನೆಯ ಉರುಳೆಯನ್ನು ನೆಲದ ಮೇಲೆ ಇಟ್ಟು, ಅದರ ಮೇಲೆ ತೊಡೆಯನ್ನೋ ಮೀನಖಂಡವನ್ನೋ ಊರಿ, ಮೈಭಾರ ಬಿಟ್ಟು ಹಿಂದಕ್ಕೂ ಮುಂದಕ್ಕೂ ಉರುಳುವುದು. ಮಾಡುವುದು ಇಷ್ಟೇ.

ಇದರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಎರಡು. ಮೈ ಸಡಿಲವಾಗುತ್ತದಾ? ಬಲ ಹೆಚ್ಚುತ್ತದಾ, ಕುಗ್ಗುತ್ತದಾ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೈ ಸಡಿಲವಾಗುವುದು ನಿಜ, ಆದರೆ ಸ್ವಲ್ಪ ಹೊತ್ತಿಗೆ. ಬಲ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಇದು ಯಾಕೆ ಹೀಗೆ ಎಂಬುದನ್ನು ಇವತ್ತು ಸ್ವಲ್ಪ ವಿವರವಾಗಿ ಮಾತಾಡೋಣ. ಕಾರಣ ಗೊತ್ತಿಲ್ಲದೆ ರೋಲರ್ ಬಳಸುವವರು ಸುಮ್ನೆ ನೋವು ತಿನ್ನುತ್ತಾರೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಕೆನಡಾದ ಪೂರ್ವ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಎಂಬ ಜಾಗವಿದೆ. ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 11 ಗಂಡಸರು. ತೊಡೆಯ ಮುಂಭಾಗವನ್ನು ಒಂದು ನಿಮಿಷ ಉರುಳಿಸುವುದು, ಸ್ವಲ್ಪ ಬಿಟ್ಟು ಇನ್ನೊಂದು ನಿಮಿಷ. ಅಷ್ಟಕ್ಕೇ, ಎರಡು ನಿಮಿಷದ ನಂತರ ಅಳೆದಾಗ ಮಂಡಿ ಸುಮಾರು 10 ಡಿಗ್ರಿ ಜಾಸ್ತಿ ಮಡಚುತ್ತಿತ್ತು. ಹತ್ತು ನಿಮಿಷದ ನಂತರ ಅದು 8 ಡಿಗ್ರಿಗೆ ಇಳಿದಿತ್ತು. ತೊಡೆ ಹಾಕುವ ಶಕ್ತಿ ಮಾತ್ರ ಕಡಿಮೆಯಾಗಿರಲಿಲ್ಲ. ಅವರು ಬಳಸಿದ ರೋಲರ್ ಯಾವುದು ಗೊತ್ತಾ? ಪಿವಿಸಿ ಪೈಪ್‌ಗೆ ನಿಯೋಪ್ರೀನ್ ಎಂಬ ರಬ್ಬರಿನಂಥ ತೆಳುವಾದ ಫೋಮ್ ಸುತ್ತಿದ್ದು. ದುಬಾರಿ ರೋಲರೇ ಬೇಕು ಎಂದುಕೊಂಡವರು ಇದನ್ನು ನೆನಪಿಡಿ.

ಶಕ್ತಿ ಕಡಿಮೆಯಾಗಲಿಲ್ಲ ಎನ್ನುವುದಕ್ಕೆ ಅಷ್ಟು ಮಹತ್ವ ಯಾಕೆ? ಆಟಕ್ಕೆ ಮುಂಚೆ ಕಾಲು ಚಾಚಿ, ಎಳೆದು, ಹಾಗೇ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ನಮಗೆಲ್ಲ ಶಾಲೆಯ ಪಿ.ಟಿ. ಮೇಷ್ಟ್ರು ಕಲಿಸಿದ್ದು. ಅದನ್ನು ಒಂದೇ ಸ್ನಾಯುವಿಗೆ ಒಂದು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಮಾಡಿದರೆ, ತಕ್ಷಣದ ಮಟ್ಟಿಗೆ ಸಾಮರ್ಥ್ಯ ಸರಾಸರಿ 4.6 ಶೇಕಡಾ ಇಳಿಯುತ್ತದೆ ಎಂದು 2016ರ ಒಂದು ದೊಡ್ಡ ಪರಿಶೀಲನೆ ಲೆಕ್ಕ ಹಾಕಿತು. ಒಂದು ನಿಮಿಷಕ್ಕಿಂತ ಕಡಿಮೆಯಾದರೆ ಇಳಿಕೆ ಶೇಕಡಾ ಒಂದರ ಆಸುಪಾಸು. ನಮ್ಮಂಥವರಿಗೆ ಇದು ದೊಡ್ಡದಲ್ಲ. ಉದ್ದ ಜಿಗಿತದವರಿಗೆ, ಭಾರ ಎತ್ತುವವರಿಗೆ ದೊಡ್ಡದೇ. ಅಂಥವರಿಗೆ ರೋಲರ್ ಅನುಕೂಲ. ಬಿಗಿತ ಇಳಿಯುತ್ತದೆ, ಬಲ ಹೋಗುವುದಿಲ್ಲ.

ಹಾಗಂತ ಬಲ ಬರುತ್ತದಾ? ಇಲ್ಲ. 2019ರಲ್ಲಿ ಜರ್ಮನಿಯ ಸಂಶೋಧಕರು 21 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ವ್ಯಾಯಾಮಕ್ಕೆ ಮುಂಚೆ ರೋಲರ್ ಬಳಸಿದರೆ ಬಾಗುವಿಕೆ ಸುಮಾರು 4 ಶೇಕಡಾ ಹೆಚ್ಚಿತ್ತು. ವೇಗದ ಓಟ 0.7 ಶೇಕಡಾ ಸುಧಾರಿಸಿತ್ತು. ಬಲ 1.8 ಶೇಕಡಾ ಮೇಲೆ, ಜಿಗಿತ 1.9 ಶೇಕಡಾ ಕೆಳಗೆ. ಈ ಕೊನೆಯ ಎರಡು ಲೆಕ್ಕಕ್ಕೇ ಇಲ್ಲ ಎಂದು ಅವರೇ ಬರೆದರು. ಸ್ನಾಯು ಗಟ್ಟಿಯಾಗಬೇಕಾದರೆ ಅದು ಭಾರದ ವಿರುದ್ಧ ದುಡಿಯಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ದುಡಿಯಬೇಕು. ರೋಲರ್ ಮೇಲೆ ಮಲಗಿದ ಸ್ನಾಯು ದುಡಿಯುತ್ತಿಲ್ಲ. ಅದು ಸುಮ್ಮನೆ ಒತ್ತಿಸಿಕೊಳ್ಳುತ್ತಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಳಗೆ ನಿಜವಾಗಿ ಆಗುವುದೇನು?

ಜಿಮ್‌ಗಳಲ್ಲಿ ಸಾಮಾನ್ಯವಾಗಿ ಹೇಳುವುದು ಹೀಗೆ: ಸ್ನಾಯುವಿನ ಸುತ್ತ ಫ್ಯಾಸಿಯಾ ಎಂಬ ಪೊರೆ ಇದೆ, ಅದು ಅಂಟಿಕೊಂಡು ಗಂಟು ಬೀಳುತ್ತದೆ, ರೋಲರ್ ಆ ಗಂಟು ಬಿಡಿಸುತ್ತದೆ. ಪೊರೆ ಇರುವುದು ನಿಜ. ಮನೆಯಲ್ಲಿ ಮಟನ್ ತೊಳೆದು ಹೆಚ್ಚಿದವರು ಆ ಬಿಳಿ ಪೊರೆಯನ್ನು ನೋಡಿರುತ್ತೀರಿ, ಎಷ್ಟು ಗಟ್ಟಿ ಅಂತಲೂ ಗೊತ್ತಿರುತ್ತದೆ. ತೊಡೆಯ ಹೊರಬದಿಯ ಫ್ಯಾಸಿಯಾ ಬಗ್ಗೆ 2008ರಲ್ಲಿ ಗಣಿತದ ಮಾದರಿಯೊಂದನ್ನು ಪ್ರಕಟಿಸಿದರು. ಅದನ್ನು ಒಂದೇ ಒಂದು ಶೇಕಡಾ ಒತ್ತಬೇಕಾದರೂ ಮನುಷ್ಯನ ಮೈ ತಡೆಯುವ ಮಿತಿಯನ್ನು ಮೀರಿದ ಬಲ ಬೇಕು ಎಂದು ಲೆಕ್ಕ ಹೇಳಿತು. ಎರಡು ನಿಮಿಷದ ಉರುಳಾಟಕ್ಕೆ ಅದು ಬಗ್ಗುವುದಿಲ್ಲ.

ಇನ್ನೊಂದು ಸಾಕ್ಷಿ ನನಗೆ ಬಹಳ ಇಷ್ಟ. ಒಂದು ಕಾಲಿನ ಮೀನಖಂಡವನ್ನು ಮಾತ್ರ ಉರುಳಿಸಿ, ಎರಡೂ ಕಾಲುಗಳ ಪಾದದ ಕೀಲನ್ನು ಅಳೆದಿದ್ದಾರೆ. ಮುಟ್ಟದ ಕಾಲಿನ ಕೀಲೂ ಹೆಚ್ಚು ಬಾಗಿತು! 2015ರ ಇನ್ನೊಂದು ಪ್ರಯೋಗದಲ್ಲಿ, ಒಂದು ಮೀನಖಂಡದಲ್ಲಿ ಒತ್ತಿದರೆ ನೋಯುವ ಜಾಗವಿತ್ತು. ಆಚೆ ಕಾಲಿಗೆ ರೋಲರ್ ಹಾಕಿದರೂ ಈಚೆ ಕಾಲಿನ ನೋವು ತಡೆಯುವ ಶಕ್ತಿ ಹೆಚ್ಚಿತು. ಗಂಟು ಬಿಡಿಸಿದ್ದರಿಂದಲೇ ಮೈ ಸಡಿಲವಾಗುವುದಾದರೆ, ಮುಟ್ಟದ ಕಾಲು ಯಾಕೆ ಸಡಿಲವಾಗಬೇಕು, ಹೇಳಿ?

ಬದಲಾಗುವುದು ಮುಖ್ಯವಾಗಿ ನರವ್ಯೂಹದಲ್ಲಿ. ಸ್ನಾಯುವನ್ನು ಎಳೆದಾಗ ಒಂದು ಹಂತದಲ್ಲಿ ನರಗಳು ಬ್ರೇಕ್ ಹಾಕುತ್ತವೆ, 'ಸಾಕು, ಇನ್ನು ಬೇಡ' ಎನ್ನುತ್ತವೆ. ಆ ಬ್ರೇಕನ್ನೇ ನಾವು ಬಿಗಿತ ಎಂದು ಅನುಭವಿಸುವುದು. ರೋಲರ್‌ನ ಒತ್ತಡ ಚರ್ಮಕ್ಕೂ ಸ್ನಾಯುವಿಗೂ ಬಿದ್ದಾಗ ಆ ಬ್ರೇಕ್ ಸ್ವಲ್ಪ ತಡವಾಗಿ ಬೀಳುತ್ತದೆ. ಎಳೆತವನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ಜೊತೆಗೆ ಆ ಜಾಗ ಸ್ವಲ್ಪ ಬೆಚ್ಚಗಾಗುತ್ತದೆ. ಸ್ನಾಯುವಿನ ಉದ್ದ ಇದ್ದಷ್ಟೇ ಇರುತ್ತದೆ. ಹಾಗಾಗಿಯೇ ಪರಿಣಾಮ ನಿಮಿಷಗಳ ಲೆಕ್ಕದಲ್ಲಿ ಇಳಿದುಹೋಗುತ್ತದೆ. ಮೆಮೋರಿಯಲ್ ವಿಶ್ವವಿದ್ಯಾಲಯದ ಡೇವಿಡ್ ಬೆಹಮ್ ಮತ್ತು ಜರ್ಮನಿಯ ಯಾನ್ ವಿಲ್ಕೆ 2019ರಲ್ಲಿ ಈ ವಾದವನ್ನು ವಿಸ್ತಾರವಾಗಿ ಬರೆದರು. 2013ರ ಪ್ರಯೋಗದ ತಂಡದಲ್ಲಿ ಬೆಹಮ್ ಕೂಡ ಇದ್ದರು.

ಇದು ಅರ್ಥವಾದರೆ ಒಂದು ಕೆಟ್ಟ ಅಭ್ಯಾಸ ಬಿಡಬಹುದು. 'ನೋವಾದಷ್ಟೂ ಒಳ್ಳೆಯದು' ಎಂದು ಹಲ್ಲು ಕಚ್ಚಿಕೊಂಡು ಉರುಳುವವರನ್ನು ನೀವೂ ನೋಡಿದ್ದೀರಿ, ಅಲ್ವಾ? 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಹಗುರ, ಮಧ್ಯಮ, ಜೋರು ಎಂದು ಮೂರು ಬಗೆಯ ಒತ್ತಡ ಹಾಕಿದರು. ಜೋರಾಗಿ ಒತ್ತಿದವರಿಗೆ ನೋವು ಜಾಸ್ತಿಯಾಯಿತು. ಬಾಗುವಿಕೆ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ದಯವಿಟ್ಟು ಮಕ್ಕಳಿಗೆ ಆ ಶಿಕ್ಷೆ ಕೊಡಬೇಡಿ. ಕೋಚ್‌ಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಓಡುವವರು ತೊಡೆಯ ಹೊರಬದಿಯ ಪಟ್ಟಿಯನ್ನು, ಅಂದರೆ ಐಟಿ ಬ್ಯಾಂಡನ್ನು, ಗಂಟೆಗಟ್ಟಲೆ ತಿಕ್ಕುತ್ತಾರೆ. ಅದು ಸ್ನಾಯುವೇ ಅಲ್ಲ, ಅದೇ ಗಟ್ಟಿ ಪೊರೆಯ ದಪ್ಪ ಭಾಗ. ರೋಲರ್‌ಗೆ ಅದು ಉದ್ದವಾಗುವುದಿಲ್ಲ. ಮಂಡಿಯ ಹೊರಬದಿ ನೋಯುತ್ತಿದ್ದರೆ ಓಟ ಸ್ವಲ್ಪ ಕಡಿಮೆ ಮಾಡಿ, ಸೊಂಟದ ಪಕ್ಕದ ಸ್ನಾಯುಗಳಿಗೆ ಬಲದ ವ್ಯಾಯಾಮ ಕೊಡಿ. ಅದರಿಂದ ಹೆಚ್ಚು ಉಪಯೋಗ.

ದಿನಾ ಮಾಡಿದರೆ ಉಳಿಯುತ್ತದಾ ಎಂದು ಕೇಳುತ್ತೀರಿ. 2022ರ ಒಂದು ವಿಶ್ಲೇಷಣೆಯ ಪ್ರಕಾರ, ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ಮಾಡಿದರೆ ಬಾಗುವಿಕೆ ಹೆಚ್ಚುತ್ತದೆ. ತೊಡೆಯ ಮುಂಭಾಗ ಮತ್ತು ಹಿಂಭಾಗದಲ್ಲಿ ಫಲ ಕಂಡಿತು, ಪಾದದ ಕೀಲಿನಲ್ಲಿ ಕಾಣಲಿಲ್ಲ.

ವ್ಯಾಯಾಮದ ನಂತರದ ಮೈಕೈ ನೋವಿಗೂ ಸ್ವಲ್ಪ ಉಪಶಮನ ಸಿಗುತ್ತದೆ. ಜರ್ಮನಿಯ ಆ ಲೆಕ್ಕದಲ್ಲೇ ನೋವಿನ ಅನುಭವ ಸುಮಾರು 6 ಶೇಕಡಾ ಇಳಿದಿತ್ತು. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಸಾಮು ಮಾಡಿ ಮೈ ತಿಕ್ಕಿಸಿಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ. ತಿಕ್ಕುವವರು ಸಿಗದ ಕಾಲದಲ್ಲಿ ರೋಲರ್ ಆ ಕೆಲಸ ಸ್ವಲ್ಪ ಮಾಡುತ್ತದೆ.

ಆದರೆ ಒಂದು ಮಾತು ಒತ್ತಿ ಹೇಳಬೇಕು. 2024ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆಯಲ್ಲೂ ಬೆಹಮ್ ಇದ್ದಾರೆ. ರೋಲರ್ ಮತ್ತು ಸ್ಟ್ರೆಚಿಂಗ್ ಎರಡನ್ನೂ ಬೇರೆ ವಾರ್ಮ್‌ಅಪ್ ಜೊತೆ ಅದು ಹೋಲಿಸಿತು. ತಕ್ಷಣದ ಬಾಗುವಿಕೆಯಲ್ಲಿ ಯಾವುದೂ ಮತ್ತೊಂದಕ್ಕಿಂತ ಮೇಲಲ್ಲ ಎಂದು ಬಂತು. ಅಂದರೆ ಮೈ ಬೆಚ್ಚಗಾಗುವ ಹಾಗೆ ಸೈಕಲ್ ತುಳಿದರೂ ಅಷ್ಟೇ ಸಡಿಲವಾಗುತ್ತೀರಿ. ರೋಲರ್ ಕೊಳ್ಳಲು ದುಡ್ಡಿಲ್ಲ ಎಂದು ಯಾವ ಹುಡುಗಿಯೂ, ಯಾವ ಹುಡುಗನೂ ಕೊರಗಬೇಕಾಗಿಲ್ಲ. ಇದನ್ನು ಹೇಳುವುದಕ್ಕೇ ನಾನು ಇವತ್ತು ಮುಖ್ಯವಾಗಿ ಬಂದದ್ದು.

ಇದ್ದವರು ಹೀಗೆ ಬಳಸಿ. ಒಂದೊಂದು ಸ್ನಾಯುವಿಗೆ 30 ಸೆಕೆಂಡಿನಿಂದ ಎರಡು ನಿಮಿಷ, ಒಂದರಿಂದ ಮೂರು ಸಲ. ನಿಧಾನವಾಗಿ, ಸಹಿಸುವಷ್ಟೇ ಒತ್ತಡದಲ್ಲಿ. ಸೊಂಟದ ಬೆನ್ನುಮೂಳೆ ಮೇಲೆ, ಮಂಡಿಯ ಹಿಂದಿನ ಕುಳಿಯಲ್ಲಿ ಬೇಡ. ಗಾಯ, ಮೂಳೆ ಮುರಿತ ಇದ್ದ ಜಾಗ ಮುಟ್ಟಲೇಬೇಡಿ. ಮೂಳೆ ಸವೆತ ಇರುವವರು ಡಾಕ್ಟರನ್ನು ಕೇಳಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇರಬಹುದು. ಅದನ್ನು ತಿಕ್ಕುವುದು ಅಪಾಯ. ನೇರ ಆಸ್ಪತ್ರೆಗೆ ಹೋಗಿ.

ಈಗ ಎಲ್ಲರೂ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ಬನ್ನಿ. ಪಾದ ನೆಲಕ್ಕೆ ಪೂರ್ತಿ ಊರಿ, ಹಿಮ್ಮಡಿ ಎತ್ತದೆ, ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟಿತಾ? ಪಾದವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತಾ ಹೋಗಿ. ಮಂಡಿ ಇನ್ನೂ ಮುಟ್ಟುವ ಕೊನೆಯ ಜಾಗದಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಎರಡೂ ಕಾಲಿಗೆ ಮಾಡಿ. ಆಮೇಲೆ ಅರ್ಧ ಜನ ಬಲಗಾಲಿನ ಮೀನಖಂಡವನ್ನು ಮಾತ್ರ ಒಂದು ನಿಮಿಷ ಉರುಳಿಸಿ. ಉಳಿದವರು ಅಂಗಳದಲ್ಲಿ ಐದು ನಿಮಿಷ ಬಿರುಸಾಗಿ ನಡೆದು ಬನ್ನಿ. ಬಂದ ಕೂಡಲೇ ಎಲ್ಲರೂ ಎರಡೂ ಕಾಲನ್ನು ಮತ್ತೆ ಅಳೆಯಿರಿ, ಹತ್ತು ನಿಮಿಷ ಕಾದು ಇನ್ನೊಮ್ಮೆ ಅಳೆಯಿರಿ. ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯೋಣ. ಪ್ರಶ್ನೆಗಳನ್ನು ಅದನ್ನು ನೋಡಿಕೊಂಡೇ ಕೇಳಿ.